ವಿನಾಯಿತಿಯ ಬಿನ್ನಹ: ಹ್ಯಾರಿಯೆಟ್ ಮಾರ್ಟಿನೋ ಅವರ ಕಿರುಹೊತ್ತಿಗೆಯೊಂದರ ವಿಮರ್ಶೆ

ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯನ್ನು ಕುರಿತ ನಮ್ಮ ಕಾಲೇಜುಗಳ ಪಾಠಗಳಲ್ಲಿ ಕಾರ್ಖಾನೆ ಶಾಸನಗಳಿಗೆ ಒಂದು ನಿಶ್ಚಿತ ಸ್ಥಾನವುಂಟು. 1833, 1844, 1847 ಎಂಬ ಇಸವಿಗಳನ್ನೂ ಅವುಗಳ ಮುಂದೆ ಒಂದೊಂದು ವಾಕ್ಯವನ್ನೂ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಅಷ್ಟಕ್ಕೆ ಅಂಕಗಳನ್ನು ಕೊಟ್ಟು ನಾವೂ ಸುಮ್ಮನಾಗುತ್ತೇವೆ. ಶಾಸನವು ಅಂಗೀಕೃತವಾದ ಮೇಲೆ ಅದರ ಗತಿ ಏನಾಯಿತು, ಅದರ ಕಟ್ಟಿನಿಂದ ತಮ್ಮನ್ನು ಬಿಡಿಸಬೇಕೆಂದು ಯಾರು ಯಾವ ಮಾತುಗಳಲ್ಲಿ ಕೇಳಿಕೊಂಡರು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಅಪೂರ್ವ. ಆದರೆ ಕಾರ್ಮಿಕರ ಸುರಕ್ಷತೆಯ ಇತಿಹಾಸದಲ್ಲಿ ದೊಡ್ಡದೊಂದು ಭಾಗವು ನಿಯಮಗಳ ಇತಿಹಾಸವಾಗಿರದೆ ವಿನಾಯಿತಿಗಳ ಇತಿಹಾಸವಾಗಿದೆ. ಮಾಲೀಕರು ಸರ್ಕಾರಕ್ಕೆ ಸಲ್ಲಿಸುವ ವಿನಾಯಿತಿಯ ಬಿನ್ನಹವು ತನ್ನದೇ ಆದ ವಾದಸರಣಿ, ಲೆಕ್ಕಾಚಾರ, ವಿನಯ ಮತ್ತು ಬೆದರಿಕೆಗಳನ್ನು ಹೊಂದಿರುವ ಒಂದು ಬರಹದ ಜಾತಿ. ಆ ಜಾತಿಯ ಬರಹಗಳಲ್ಲಿ ಸಮರ್ಥವಾದುದೆಂದು ನಮಗೆ ತೋರಿರುವ ಒಂದನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇವೆ. ಅದು ಹ್ಯಾರಿಯೆಟ್ ಮಾರ್ಟಿನೋ ಅವರು ಬರೆದು, 1855ರಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾದ 'ಕಾರ್ಖಾನೆ ವಿವಾದ' ಎಂಬ ಕಿರುಹೊತ್ತಿಗೆ. ಕೈಹಾಕಬಾರದಲ್ಲಿ ಕೈಹಾಕುವ ಶಾಸನಗಳ ವಿರುದ್ಧ ಒಂದು ಎಚ್ಚರಿಕೆ ಎಂಬುದು ಅದರ ಉಪಶೀರ್ಷಿಕೆಯ ತಾತ್ಪರ್ಯ.

ವಿವಾದದ ವಸ್ತು ಒಂದು ಕಬ್ಬಿಣದ ದಂಡ. ನಮ್ಮ ಊರುಗಳ ಹಳೆಯ ಅಕ್ಕಿ ಗಿರಣಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಎಂಜಿನ್ನಿನ ಶಕ್ತಿಯನ್ನು ಅನೇಕ ಯಂತ್ರಗಳಿಗೆ ಹಂಚುವುದಕ್ಕಾಗಿ ಮಾಳಿಗೆಯ ಕೆಳಗೆ ಉದ್ದಕ್ಕೂ ಒಂದು ಷಾಫ್ಟು ತಿರುಗುತ್ತಿರುತ್ತದೆ. ಅದರ ಮೇಲಿನ ಪುಲ್ಲಿಗಳಿಂದ ಚರ್ಮದ ಬೆಲ್ಟುಗಳು ಕೆಳಗಿನ ಯಂತ್ರಗಳಿಗೆ ಇಳಿದಿರುತ್ತವೆ. ಬೆಲ್ಟು ಪುಲ್ಲಿಯಿಂದ ಜಾರುವುದು ದಿನನಿತ್ಯದ ಸಂಗತಿ. ಆಗ ಒಬ್ಬನು ಏಣಿ ಹತ್ತಿ ಅದನ್ನು ಮತ್ತೆ ಏರಿಸಬೇಕು. ಎಂಜಿನ್ನನ್ನು ನಿಲ್ಲಿಸಿದರೆ ಇಡೀ ಗಿರಣಿಯೇ ನಿಲ್ಲುವುದರಿಂದ ಷಾಫ್ಟು ತಿರುಗುತ್ತಿರುವಾಗಲೇ ಈ ಕೆಲಸ ನಡೆಯುತ್ತಿತ್ತು. ಅಂಗಿಯ ತೋಳಾಗಲಿ, ಮುಂಗಟ್ಟಿನ ಬಟ್ಟೆಯಾಗಲಿ, ಜಾರಿದ ಬೆಲ್ಟಿನ ಕುಣಿಕೆಯಾಗಲಿ ಷಾಫ್ಟಿಗೆ ಸುತ್ತಿಕೊಂಡರೆ ಮನುಷ್ಯನೂ ಅದರೊಡನೆ ಸುತ್ತುತ್ತಾನೆ. ಒಂದೊಂದು ಸುತ್ತಿನಲ್ಲಿಯೂ ಅವನ ದೇಹ ಮೇಲಿನ ತೊಲೆಗಳಿಗೆ ಅಪ್ಪಳಿಸುತ್ತದೆ. ತನಿಖಾಧಿಕಾರಿಗಳ ವರದಿಗಳಲ್ಲಿ ಇಂತಹ ಮರಣಗಳ ವಿವರಗಳು ಒಂದರ ಹಿಂದೆ ಒಂದು ಬರುತ್ತವೆ. ಅವನ್ನು ಇಲ್ಲಿ ಎತ್ತಿ ಬರೆಯುವ ಮನಸ್ಸು ನಮಗಿಲ್ಲ.

1844ರ ಕಾರ್ಖಾನೆ ಶಾಸನವು ಯಂತ್ರಗಳಿಗೆ ರಕ್ಷಣಾವರಣ ಇರಬೇಕೆಂದು ಮೊದಲ ಬಾರಿಗೆ ವಿಧಿಸಿತು. ಶಕ್ತಿಯನ್ನು ಸಾಗಿಸುವ ಸಾಧನಗಳ ಎಲ್ಲ ಭಾಗಗಳನ್ನೂ ಭದ್ರವಾಗಿ ಆವರಿಸತಕ್ಕದ್ದೆಂಬುದು ಅದರ ವಿಧಿ. ಗಾಯಗೊಂಡ ಕೆಲಸಗಾರನು ಮರುದಿನ ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಕೆಲಸಕ್ಕೆ ಹಿಂದಿರುಗಲಾಗದಿದ್ದರೆ ಮಾಲೀಕನು ನೇಮಿತ ವೈದ್ಯನಿಗೆ ಲಿಖಿತ ವರದಿ ಕಳುಹಿಸಬೇಕಾಗಿತ್ತು. ಆವರಣವಿಲ್ಲದ ಯಂತ್ರದಿಂದ ಗಾಯವಾದರೆ ವಿಧಿಸುವ ದಂಡದ ಹಣವನ್ನು ಗಾಯಗೊಂಡವನ ಪ್ರಯೋಜನಕ್ಕೆ ಕೊಡಲೂ ಅವಕಾಶವಿತ್ತು. ಶಾಸನದ ಮಾತು ಇಷ್ಟು ಸ್ಪಷ್ಟವಾಗಿದ್ದರೂ ತನಿಖಾಧಿಕಾರಿಗಳು ಸುಮಾರು ಹತ್ತು ವರ್ಷ ಕಾಲ ಅದನ್ನು ಪೂರ್ತಿಯಾಗಿ ಜಾರಿಗೆ ತರಲಿಲ್ಲ. ನೆಲದಿಂದ ಏಳು ಅಡಿಗಿಂತ ಎತ್ತರದಲ್ಲಿರುವ ಷಾಫ್ಟು ನಡೆದಾಡುವವರಿಗೆ ತಗುಲುವುದಿಲ್ಲವೆಂದು ಅದನ್ನು ಹಾಗೆಯೇ ಬಿಟ್ಟಿದ್ದರು. ಮಾಲೀಕರ ಪಕ್ಷದ ಪ್ರಬಲವಾದ ಅಂಶ ಇದೇ ಎಂದು ನಾವು ಭಾವಿಸುತ್ತೇವೆ. ಯಾರೂ ಕೇಳದೆಯೇ ದೊರೆತಿದ್ದ ವಿನಾಯಿತಿಯೊಂದು ಹತ್ತು ವರ್ಷಗಳಲ್ಲಿ ಹಕ್ಕಿನ ರೂಪವನ್ನು ತಳೆದಿತ್ತು.

1854ರ ಜನವರಿಯಲ್ಲಿ ಸುತ್ತೋಲೆಯೊಂದು ಹೊರಟು, ಎತ್ತರ ಎಷ್ಟೇ ಇರಲಿ ಎಲ್ಲ ಷಾಫ್ಟುಗಳನ್ನೂ ಆವರಿಸಬೇಕೆಂದು ತಿಳಿಸಿತು. ಎರಡು ತಿಂಗಳು ಕಳೆಯುವುದರೊಳಗೆ ಗಿರಣಿ ಮಾಲೀಕರ ನಿಯೋಗ ಗೃಹಮಂತ್ರಿ ಪಾಮರ್‌ಸ್ಟನ್ನನ ಮುಂದೆ ನಿಂತಿತ್ತು. ಜಾರಿದ ಬೆಲ್ಟು ಷಾಫ್ಟಿಗೆ ಸುತ್ತಿಕೊಳ್ಳದಂತೆ ಹಿಡಿದಿಡುವ ಕೊಕ್ಕೆಗಳನ್ನು ಹಾಕಿಕೊಂಡರೆ ಸಾಕೆಂದು ಸರ್ಕಾರ ಸಡಿಲಿಸಿತು. ಕೊಕ್ಕೆಗಳಿಂದ ಮರಣಗಳು ನಿಲ್ಲಲಿಲ್ಲ. ಮರುವರ್ಷ ಸಡಿಲಿಕೆಯನ್ನು ಹಿಂದಕ್ಕೆ ತೆಗೆದುಕೊಂಡರು. ಆಗ ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆದಾರರ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ತಮ್ಮ ಎಂಜಿನ್ನುಗಳ ಅಶ್ವಶಕ್ತಿಗೆ ಅನುಗುಣವಾಗಿ ಸದಸ್ಯರು ವಂತಿಗೆ ಕೊಡುವುದು, ಸದಸ್ಯರ ಮೇಲೆ ಹೂಡಿದ ಮೊಕದ್ದಮೆಗಳನ್ನು ಸಂಘದ ವೆಚ್ಚದಲ್ಲಿ ಎದುರಿಸುವುದು ಅದರ ಕ್ರಮವಾಗಿತ್ತು. ಶಕ್ತಿಯನ್ನೇ ಮಾನದಂಡವಾಗಿಟ್ಟುಕೊಂಡು ವಂತಿಗೆ ಎತ್ತಿದ ಈ ಸಂಘ ತನ್ನ ಬಿನ್ನಹವನ್ನು ಬರೆಯಲು ಸಮರ್ಥವಾದ ಲೇಖನಿಯೊಂದನ್ನು ಅಪೇಕ್ಷಿಸಿತು.

ಆ ಲೇಖನಿ ಮಾರ್ಟಿನೋ ಅವರದಾಯಿತು ಎಂಬುದೇ ಈ ಪ್ರಕರಣದ ವಿಶೇಷ. 1802ರಲ್ಲಿ ನಾರಿಜ್ ನಗರದ ಬಟ್ಟೆ ತಯಾರಕರೊಬ್ಬರ ಮಗಳಾಗಿ ಹುಟ್ಟಿದ ಈಕೆಗೆ ಬಾಲ್ಯದಿಂದಲೂ ಕಿವಿ ಮಂದ. ಅರ್ಥಶಾಸ್ತ್ರದ ತತ್ತ್ವಗಳನ್ನು ಕಥಾರೂಪದಲ್ಲಿ ಹೇಳಿದ, 1832ರಿಂದ 1834ರವರೆಗೆ ಹೊರಬಂದ ಮಾಲೆಯಿಂದ ಪ್ರಸಿದ್ಧಿಗೆ ಬಂದರು. ಅದರಲ್ಲಿ ಮ್ಯಾಂಚೆಸ್ಟರಿನ ಮುಷ್ಕರವನ್ನು ಕುರಿತ ಕಥೆಯೂ ಒಂದು. ಅಮೆರಿಕಕ್ಕೆ ಹೋಗಿ ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸಿದರು. ಆಗಸ್ಟ್ ಕೋಂಟನ ತತ್ತ್ವಶಾಸ್ತ್ರವನ್ನು ಇಂಗ್ಲಿಷಿಗೆ ತಂದರು. ಭಾರತದಲ್ಲಿ ಬ್ರಿಟಿಷ್ ಆಡಳಿತವನ್ನು ಕುರಿತು 1857ರಲ್ಲಿ ಇವರು ಬರೆದ ಪುಸ್ತಕವನ್ನು ನಮ್ಮಲ್ಲಿ ಕೆಲವರು ಬಲ್ಲರು. 1855ರಲ್ಲಿ ಹೃದಯರೋಗ ತಗುಲಿದೆಯೆಂದು ವೈದ್ಯರಿಂದ ತಿಳಿದು, ಮರಣ ಸಮೀಪಿಸಿತೆಂದು ನಂಬಿ, ಆತ್ಮಚರಿತ್ರೆಯನ್ನು ಅವಸರದಿಂದ ಬರೆದು ಮುಗಿಸಿದರು. ಅದೇ ವರ್ಷದ ಕೃತಿ ಈ ಕಿರುಹೊತ್ತಿಗೆ. ಸಾಯುತ್ತಿದ್ದೇನೆಂದು ತಿಳಿದಿರುವ ವ್ಯಕ್ತಿ ಧನಿಕರ ಪ್ರೀತಿಗಾಗಿ ಸುಳ್ಳು ಬರೆಯುವುದು ಸಂಭವವಲ್ಲ. ಆದುದರಿಂದ ಇದನ್ನು ಕೂಲಿಯ ಬರಹವೆಂದು ತಳ್ಳಿಹಾಕುವ ಸುಲಭ ಮಾರ್ಗ ನಮಗೆ ಮುಚ್ಚಿದೆ. ಈ ಬರಹದ ದೋಷಗಳು ಬರೆದವರ ಶೀಲದ ದೋಷಗಳಲ್ಲ. ವಿನಾಯಿತಿಯ ಬಿನ್ನಹವೆಂಬ ಜಾತಿಯ ದೋಷಗಳು. ಈ ಕಾರಣದಿಂದಲೇ ಇದು ವಿಮರ್ಶಾರ್ಹ.

ಲೇಖನವನ್ನು ಈಕೆ ಮೊದಲು 'ವೆಸ್ಟ್‌ಮಿನ್ಸ್ಟರ್ ರಿವ್ಯೂ' ಪತ್ರಿಕೆಗೆ ಕಳುಹಿಸಿದ್ದರು. ಪತ್ರಿಕೆ ಅದನ್ನು ಸ್ವೀಕರಿಸದೆ ಹೋದಾಗ ಸಂಘವೇ ಅಚ್ಚುಹಾಕಿಸಿತು. ಲೇಖಕಿ ಆಧರಿಸಿದ ಸಾಮಗ್ರಿಯೂ ಬಹುಮಟ್ಟಿಗೆ ಸಂಘದ ಕಾಗದಪತ್ರಗಳೇ. ಗಿರಣಿಯೊಳಗೆ ಹೋಗಿ ಏಣಿ ಹತ್ತುವವನನ್ನು ಮಾತನಾಡಿಸಿದ ಕುರುಹು ಬರಹದಲ್ಲಿ ಕಾಣುವುದಿಲ್ಲ.

ವಾದದ ಮುಖ್ಯ ಎಳೆಗಳು ಇವು. ವಯಸ್ಕನಾದ ಪುರುಷನು ತನ್ನ ಹಿತವನ್ನು ತಾನೇ ನೋಡಿಕೊಳ್ಳಬಲ್ಲನು, ಅವನ ಕೆಲಸದಲ್ಲಿ ರಾಜ್ಯ ಕೈಹಾಕುವುದು ತತ್ತ್ವತಃ ತಪ್ಪು. ಅಪಘಾತಗಳಿಗೆ ಬಹುತೇಕ ಕೆಲಸಗಾರರ ಅಜಾಗರೂಕತೆಯೇ ಕಾರಣ. ಷಾಫ್ಟಿನಿಂದಾಗುವ ಸಾವುಗಳು ಒಟ್ಟು ಸಂಖ್ಯೆಯಲ್ಲಿ ಅತ್ಯಲ್ಪ. ಮೇಲಾಗಿ ಆವರಣದಿಂದ ಅಪಾಯ ತಗ್ಗುವುದಿಲ್ಲ, ಹೆಚ್ಚುತ್ತದೆ. ಇವುಗಳೊಡನೆ ತನಿಖಾಧಿಕಾರಿ ಲೆನರ್ಡ್ ಹಾರ್ನರ್ ಅವರ ಮೇಲೂ, 'ಹೌಸ್‌ಹೋಲ್ಡ್ ವರ್ಡ್ಸ್' ಪತ್ರಿಕೆಯ ಸಂಪಾದಕ ಡಿಕನ್ಸ್ ಮೇಲೂ ತೀಕ್ಷ್ಣವಾದ ಆಕ್ಷೇಪಣೆಗಳಿವೆ. ಆ ಪತ್ರಿಕೆಗೆ ಈಕೆಯೇ ಕೆಲವು ವರ್ಷಗಳ ಹಿಂದೆ ಕೈಗಾರಿಕೆಗಳನ್ನು ಕುರಿತು ಲೇಖನಗಳನ್ನು ಬರೆದಿದ್ದುದು ಇಲ್ಲಿ ಸ್ಮರಣೀಯ. ಬೇರ್ಪಟ್ಟ ಸಹೋದ್ಯೋಗಿಗಳ ಕೋಪ ವಾದದ ಧ್ವನಿಯನ್ನು ಸ್ವಲ್ಪ ಕೆಡಿಸಿದೆ.

ಈ ಎಳೆಗಳಲ್ಲಿ ಕಡೆಯದನ್ನು ಮೊದಲು ನೋಡೋಣ. ಆವರಣವೇ ಅಪಾಯಕರವೆಂಬ ಮಾತು ಹಾಸ್ಯಾಸ್ಪದವಲ್ಲ. ಜಾರಿದ ಬೆಲ್ಟು ಆವರಣಕ್ಕೂ ಷಾಫ್ಟಿಗೂ ನಡುವೆ ಸಿಕ್ಕಿಕೊಳ್ಳಬಹುದು. ಎಣ್ಣೆ ಹಾಕುವವನು ಆವರಣವನ್ನು ತೆಗೆದು ಹಾಕಲು ಪದೇ ಪದೇ ಏಣಿ ಹತ್ತಬೇಕಾಗಬಹುದು. ನಿಯಮವನ್ನು ಬರೆಯುವವನು ಎಲ್ಲ ಗಿರಣಿಗಳನ್ನೂ ಕಂಡಿರುವುದಿಲ್ಲ. 'ನಿಮ್ಮ ಮಾರ್ಗಕ್ಕಿಂತ ಬೇರೆಯಾದ, ಅಷ್ಟೇ ಕ್ಷೇಮಕರವಾದ ಮಾರ್ಗ ನನ್ನಲ್ಲಿದೆ, ಅದನ್ನು ಒಪ್ಪಿರಿ' ಎಂದು ಮಾಲೀಕನು ಹೇಳಿದರೆ ಅದು ಗೌರವಾರ್ಹವಾದ ಬಿನ್ನಹ. ಅಂತಹ ಬಿನ್ನಹವನ್ನು ಪರೀಕ್ಷಿಸಬಹುದು. ಯಂತ್ರವನ್ನು ನೋಡಬಹುದು, ಅಳೆಯಬಹುದು, ಒಂದು ವರ್ಷ ಕಾದು ಫಲವನ್ನು ಎಣಿಸಬಹುದು.

ಆದರೆ ಉಳಿದ ಎಳೆಗಳು ಕೇಳುತ್ತಿರುವುದು ಇದನ್ನಲ್ಲ. ಸಾವುಗಳು ಅಲ್ಪವೆಂಬ ವಾದಕ್ಕೆ, ಈ ಅಪಾಯವನ್ನು ನಿವಾರಿಸುವಷ್ಟು ಬೆಲೆ ಅದಕ್ಕಿಲ್ಲವೆಂಬುದೇ ಅರ್ಥ. ಇದು ಬೇರೆಯೇ ಒಂದು ಬಿನ್ನಹ. ಮಾರ್ಟಿನೋ ಅವರ ಪುಸ್ತಿಕೆಯ ಮೂಲದೋಷ, ಈ ಎರಡು ಬಿನ್ನಹಗಳನ್ನು ಒಂದೇ ಹಗ್ಗವಾಗಿ ಹೊಸೆದಿರುವುದು. ಆವರಣವು ಅಪಾಯಕರವೆಂಬುದು ನಿಜವಾದರೆ ಸಾವುಗಳ ಸಂಖ್ಯೆ ಅಲ್ಪವೋ ಅನಲ್ಪವೋ ಎಂಬ ಚರ್ಚೆ ಅನಾವಶ್ಯಕ. ಸಂಖ್ಯೆ ಅಲ್ಪವಾದುದರಿಂದ ಬಿಟ್ಟುಬಿಡಿರೆಂಬುದು ನಿಜವಾದ ಕೋರಿಕೆಯಾದರೆ, ಆವರಣದ ಗುಣದೋಷಗಳ ಚರ್ಚೆ ಬರಿಯ ಅಲಂಕಾರ. ಒಂದು ವಾದ ಸಡಿಲವಾದಲ್ಲಿ ಇನ್ನೊಂದನ್ನು ಮುಂದೂಡುವ ಈ ಚಾತುರ್ಯವನ್ನು ನಾವು ಕಂಡ ಇಂತಹ ಬಿನ್ನಹಗಳಲ್ಲೆಲ್ಲ ಕಾಣಬಹುದು.

ಲೆಕ್ಕಾಚಾರವನ್ನು ಕುರಿತು ಇನ್ನೂ ಒಂದು ಮಾತು. ಛೇದವನ್ನು ಆರಿಸಿಕೊಳ್ಳುವವನ ಕೈಯಲ್ಲಿ ಭಾಗಲಬ್ಧವಿರುತ್ತದೆ. ಎಲ್ಲ ಗಿರಣಿಗಳ ಎಲ್ಲ ಕೆಲಸಗಾರರನ್ನು ಛೇದವಾಗಿಟ್ಟರೆ ಷಾಫ್ಟಿನ ಸಾವು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಆದರೆ ನೂಲುವ ಯಂತ್ರದ ಮುಂದೆ ನಿಂತ ಹುಡುಗಿ ಷಾಫ್ಟಿನ ಹತ್ತಿರ ಹೋಗುವುದೇ ಇಲ್ಲ. ಏಣಿ ಹತ್ತುವವರನ್ನು ಮಾತ್ರ ಛೇದವಾಗಿಡಬೇಕಾಗಿತ್ತು. ಅವರು ಎಷ್ಟು ಮಂದಿ ಎಂಬುದನ್ನು ಸಂಘ ಎಣಿಸಹೋಗಲಿಲ್ಲ. ಡಿಕನ್ಸರ ಪತ್ರಿಕೆಯಲ್ಲಿ ಹೆನ್ರಿ ಮಾರ್ಲಿ 1855ರ ಮೇ ತಿಂಗಳಲ್ಲಿ ಬರೆದ ಲೇಖನವೊಂದು ಈ ಶೇಕಡಾವಾರು ಲೆಕ್ಕವನ್ನೇ ಗುರಿಯಾಗಿಟ್ಟುಕೊಂಡಿತ್ತು. ಅದರ ವ್ಯಂಗ್ಯ ಇಂದಿಗೂ ಮೊನಚಾಗಿದೆ.

ಅಜಾಗರೂಕತೆಯ ವಾದವಂತೂ ತನ್ನನ್ನು ತಾನೇ ಖಂಡಿಸಿಕೊಳ್ಳುತ್ತದೆ. ಮನುಷ್ಯನು ದಿನವೆಲ್ಲ ಒಂದೇ ಕೆಲಸ ಮಾಡುತ್ತ ಎಂದೋ ಒಮ್ಮೆ ಮೈಮರೆಯುವನೆಂಬುದು ಎಲ್ಲರಿಗೂ ತಿಳಿದ ವಿಷಯವಾದುದರಿಂದಲೇ ಆವರಣದ ಆವಶ್ಯಕತೆ ಹುಟ್ಟಿತು. ಎಂದಿಗೂ ಮೈಮರೆಯದವನಿಗೆ ಆವರಣ ಬೇಕಾಗಿಲ್ಲ. ಗಿರಣಿಯನ್ನು ನಿಲ್ಲಿಸದೆ ಬೆಲ್ಟು ಏರಿಸೆಂದು ಆಜ್ಞೆ ಮಾಡಿದವರು ಯಾರು ಎಂಬ ಪ್ರಶ್ನೆಯನ್ನು ಪುಸ್ತಿಕೆಯು ಬದಿಗೆ ಸರಿಸಿಬಿಡುತ್ತದೆ.

ಎದುರು ಪಕ್ಷವನ್ನೂ ನಾವು ಪೂರ್ತಿಯಾಗಿ ಮೆಚ್ಚಲಾರೆವು. ಮಾರ್ಲಿಯ ಮೊದಲ ಲೇಖನ 1854ರ ಏಪ್ರಿಲಿನಲ್ಲಿ, ಡಿಕನ್ಸರ 'ಹಾರ್ಡ್ ಟೈಮ್ಸ್' ಕಾದಂಬರಿ ಧಾರಾವಾಹಿಯಾಗಿ ಬರುತ್ತಿದ್ದ ತಿಂಗಳಲ್ಲಿಯೇ, ಪ್ರಕಟವಾಯಿತು. ಛಿದ್ರವಾದ ದೇಹಗಳ ವರ್ಣನೆಯಿಂದ ಓದುಗರನ್ನು ನಡುಗಿಸುವುದು ಅದರ ವಿಧಾನ. ಸಂಘದ ಹೆಸರನ್ನು ತಿರುಚಿ ಅಣಕಿಸಿದ್ದೂ ಉಂಟು. ಮಾರ್ಟಿನೋ ಅವರಿಗೆ 1856ರ ಜನವರಿಯಲ್ಲಿ ಕೊಟ್ಟ ಉತ್ತರವು ಇದಕ್ಕಿಂತ ಸಂಯತವಾಗಿದೆ. ಆದರೂ ಅಲ್ಲಿಯೂ ಏಣಿ ಹತ್ತುವವನು ಶವವಾದ ಮೇಲೆಯೇ ಪುಟದೊಳಕ್ಕೆ ಬರುತ್ತಾನೆ. ಬದುಕಿದ್ದಾಗ ಅವನಿಗೆ ಏನು ಬೇಕಾಗಿತ್ತೆಂದು ಎರಡು ಪಕ್ಷದವರೂ ಕೇಳಲಿಲ್ಲ.

ಬಿನ್ನಹ ಫಲಿಸಿತು. ಎಲ್ಲ ಷಾಫ್ಟುಗಳನ್ನೂ ಆವರಿಸಲೇಬೇಕೆಂದು ಕ್ವೀನ್ಸ್ ಬೆಂಚ್ ನ್ಯಾಯಾಲಯವು 1856ರಲ್ಲಿ ತೀರ್ಪಿತ್ತಿತಾದರೂ ಅದೇ ವರ್ಷ ಪಾರ್ಲಿಮೆಂಟು ಶಾಸನವನ್ನೇ ತಿದ್ದಿತು. ಹೆಂಗಸರೂ ಮಕ್ಕಳೂ ಕಿರಿಯರೂ ಹಾದುಹೋಗುವಾಗ ಇಲ್ಲವೆ ತಮ್ಮ ನಿತ್ಯದ ಕೆಲಸದಲ್ಲಿ ತಗುಲಬಹುದಾದ ಭಾಗಗಳಿಗೆ ಮಾತ್ರ ಆವರಣ ಕಡ್ಡಾಯವಾಯಿತು. ಉಳಿದ ಭಾಗಗಳ ವಿಷಯದಲ್ಲಿ ತಕರಾರು ಬಂದರೆ ಯಂತ್ರನಿರ್ಮಾಣದಲ್ಲಿ ನಿಪುಣರಾದ ಮಧ್ಯಸ್ಥರು ತೀರ್ಮಾನಿಸಬೇಕು. ಯಂತ್ರ ಮಾಡುವವರಿಗೆ ಗಿರಣಿ ಮಾಲೀಕರೇ ಗಿರಾಕಿಗಳು. ಅವರಿಂದ ನಿಷ್ಪಕ್ಷಪಾತವನ್ನು ಹೇಗೆ ನಿರೀಕ್ಷಿಸುವುದು ಎಂಬುದು ಹಾರ್ನರ್ ಅವರ ಆಕ್ಷೇಪಣೆಯಾಗಿತ್ತು. ಯಂತ್ರವನ್ನು ಕಟ್ಟಬಲ್ಲ ನೈಪುಣ್ಯವೇ ಬೇರೆ, ಅದರಿಂದಾಗುವ ಅಪಾಯವನ್ನು ಊಹಿಸಬಲ್ಲ ನೈಪುಣ್ಯವೇ ಬೇರೆ ಎಂಬುದನ್ನೂ ಇದಕ್ಕೆ ಸೇರಿಸಬಹುದು.

ಮಾರ್ಟಿನೋ ಅವರು ಆಗ ಸಾಯಲಿಲ್ಲ. ಇನ್ನೂ ಇಪ್ಪತ್ತೊಂದು ವರ್ಷ ಬದುಕಿ 1876ರಲ್ಲಿ ತೀರಿಕೊಂಡರು. ಎರಡು ವರ್ಷಗಳ ಬಳಿಕ, 1878ರ ಶಾಸನದಲ್ಲಿ, ಈಕೆಯ ವಾದದ ಗೌರವಾರ್ಹವಾದ ಅರ್ಧವು ಕಾನೂನಾಯಿತು. ಷಾಫ್ಟನ್ನು ಆವರಿಸಬೇಕು, ಇಲ್ಲವಾದರೆ, ಆವರಿಸಿದ್ದರೆ ಎಷ್ಟು ಕ್ಷೇಮವೋ ಅಷ್ಟೇ ಕ್ಷೇಮವಾಗಿ ಕಾರ್ಖಾನೆಯ ಪ್ರತಿಯೊಬ್ಬ ಕೆಲಸಗಾರನಿಗೂ ಇರುವಂತೆ ಅದರ ಸ್ಥಾನ ಅಥವಾ ರಚನೆ ಇರಬೇಕು. 'ಪ್ರತಿಯೊಬ್ಬ' ಎಂಬ ಮಾತಿನಿಂದ ಏಣಿ ಹತ್ತುವ ಗಂಡಸು ಶಾಸನದೊಳಕ್ಕೆ ಹಿಂದಿರುಗಿದನು. ಇದೇ ಸೂತ್ರ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತು. 1948ರ ಭಾರತದ ಕಾರ್ಖಾನೆ ಶಾಸನದ 21ನೆಯ ಪ್ರಕರಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದೆ ಇದನ್ನು ಓದಬಹುದಾಗಿತ್ತು.

ಆ ಸೂತ್ರವನ್ನು ಪೂರ್ಣವಾದ ಒಂದು ವಿಧಾನವಾಗಿ ಬೆಳೆಸಿದ್ದು 1970ರ ಅಮೆರಿಕದ ವೃತ್ತಿ ಸುರಕ್ಷತಾ ಶಾಸನ. ಅಲ್ಲಿ ಎರಡು ಬಿನ್ನಹಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಶಾಶ್ವತ ವಿನಾಯಿತಿಯನ್ನು ಕೇಳುವವನು ತನ್ನ ಕ್ರಮವು ನಿಯಮದಷ್ಟೇ ಕ್ಷೇಮಕರವೆಂದು ಸಾಕ್ಷ್ಯಸಹಿತ ಸಿದ್ಧಪಡಿಸಬೇಕು. ರುಜುವಾತಿನ ಹೊರೆ ಅವನದು. ತಾತ್ಕಾಲಿಕ ವಿನಾಯಿತಿಯನ್ನು ಕೇಳುವವನು, ತಜ್ಞರಾಗಲಿ ಸಾಮಗ್ರಿಯಾಗಲಿ ಸಕಾಲದಲ್ಲಿ ದೊರೆಯಲಿಲ್ಲವೆಂಬುದನ್ನೂ, ಈ ನಡುವೆ ಕೆಲಸಗಾರರನ್ನು ರಕ್ಷಿಸಲು ಏನು ಮಾಡುತ್ತಿರುವನೆಂಬುದನ್ನೂ, ನಿಯಮವನ್ನು ಎಂದು ಪಾಲಿಸುವನೆಂಬುದನ್ನೂ ತಿಳಿಸಬೇಕು. ಹೆಚ್ಚೆಂದರೆ ಒಂದು ವರ್ಷ. ನವೀಕರಣ ಎರಡು ಸಲ ಮಾತ್ರ. ಹಣವಿಲ್ಲವೆಂಬುದು ಕಾರಣವಾಗಿ ಸಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿಯ ಪ್ರತಿಯನ್ನು ಕಾರ್ಮಿಕರ ಪ್ರತಿನಿಧಿಗೆ ಕೊಟ್ಟು, ಸಾರಾಂಶವನ್ನು ಕೆಲಸದ ಸ್ಥಳದಲ್ಲಿ ಪ್ರಕಟಣೆಗಳನ್ನು ಅಂಟಿಸುವಲ್ಲಿ ಅಂಟಿಸಿ, ವಿಚಾರಣೆಯನ್ನು ಕೋರುವ ಹಕ್ಕು ಅವರಿಗಿದೆಯೆಂದು ತಿಳಿಸಿರಬೇಕು. ನಮ್ಮ ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವೆನಿಸದು. ಬಿನ್ನಹಂಗೆಯ್ದು ತೆರಿಗೆಯ ಮಾನ್ಯವನ್ನು ಪಡೆದವರು ಅದನ್ನು ಕಲ್ಲಿನಲ್ಲಿ ಕೆತ್ತಿಸಿ ದೇವಾಲಯದ ಬಳಿ ನಾಲ್ಕು ಜನ ಕಾಣುವಂತೆ ನಿಲ್ಲಿಸುತ್ತಿದ್ದರು. ಆ ಕಲ್ಲುಗಳು ಪಡೆದವನ ಹಿತಕ್ಕಾಗಿ ನಿಂತವು, ಈ ಕಾಗದ ಬಾಧೆಗೊಳಗಾಗುವವನ ಹಿತಕ್ಕಾಗಿ ಅಂಟಿಸಿದ್ದು ಎಂಬ ಭೇದವನ್ನು ಮರೆಯಬಾರದು.

ನಮ್ಮ ದೇಶದ ಕ್ರಮ ಈ ದಾರಿಯಲ್ಲಿ ಸಾಗಲಿಲ್ಲ. 1948ರ ಶಾಸನದ 5ನೆಯ ಪ್ರಕರಣವು ಯುದ್ಧ, ಬಾಹ್ಯ ಆಕ್ರಮಣ ಅಥವಾ ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೆ ಅಪಾಯ ಒದಗಿದಾಗ ಒಮ್ಮೆಗೆ ಮೂರು ತಿಂಗಳವರೆಗೆ ಕಾರ್ಖಾನೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಕೆಲವು ರಾಜ್ಯಗಳು ದುಡಿಮೆಯ ಅವಧಿಯನ್ನು ಹೆಚ್ಚಿಸಲು ಇದನ್ನು ಬಳಸಿದವು. ಕರ್ನಾಟಕವೂ ಆ ವರ್ಷದ ಮೇ ತಿಂಗಳಲ್ಲಿ ದಿನಕ್ಕೆ ಹತ್ತು ಗಂಟೆಯ ದುಡಿಮೆಗೆ ಅವಕಾಶವಿತ್ತು, ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದ ಮೇಲೆ ಜೂನಿನಲ್ಲಿ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. ಗುಜರಾತಿನ ಅಧಿಸೂಚನೆಗಳನ್ನು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರ್ 1ರಂದು ರದ್ದುಪಡಿಸಿತು. ಸಾಂಕ್ರಾಮಿಕದಿಂದಾದ ಆರ್ಥಿಕ ಕುಸಿತವು ದೇಶದ ಭದ್ರತೆಯನ್ನು ಅಲುಗಿಸುವ ಆಂತರಿಕ ಕ್ಷೋಭೆಯಲ್ಲವೆಂಬುದು ತೀರ್ಪಿನ ಸಾರ. ಇಲ್ಲಿ ಪ್ರಶ್ನೆ ಷಾಫ್ಟಿನದಲ್ಲ, ಗಂಟೆಗಳದು. ಆದರೂ ದಣಿದ ಕೈಯೇ ಯಂತ್ರಕ್ಕೆ ಸಿಕ್ಕುವ ಕೈಯಾದುದರಿಂದ ಎರಡನ್ನೂ ಒಟ್ಟಿಗೆ ಓದುವುದು ಅಸಂಗತವಲ್ಲ.

ಆ ಶಾಸನದ ಸ್ಥಾನದಲ್ಲಿ ಈಗ, 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಆರ್ಥಿಕ ಚಟುವಟಿಕೆಯನ್ನೂ ಉದ್ಯೋಗಾವಕಾಶವನ್ನೂ ಹೆಚ್ಚಿಸುವುದು ಸಾರ್ವಜನಿಕ ಹಿತಕ್ಕೆ ಆವಶ್ಯಕವೆಂದು ಮನದಟ್ಟಾದಲ್ಲಿ ರಾಜ್ಯ ಸರ್ಕಾರವು ಹೊಸ ಕಾರ್ಖಾನೆಗಳಿಗೆ ಸಂಹಿತೆಯ ಯಾವುದೇ ವಿಧಿಯಿಂದ ಅಥವಾ ಎಲ್ಲ ವಿಧಿಗಳಿಂದಲೂ, ತನಗೆ ಉಚಿತವೆಂದು ತೋರಿದ ಷರತ್ತುಗಳೊಡನೆ, ವಿನಾಯಿತಿ ಕೊಡಬಹುದೆಂದು ಅದರಲ್ಲಿ ಹೇಳಿದೆ. ಸಮಾನ ಕ್ಷೇಮದ ಸೂತ್ರ ಈ ವಿಧಿಯಲ್ಲಿ ಇಲ್ಲ. ಅಂದರೆ ಇದು 1855ರ ಎರಡನೆಯ ಬಿನ್ನಹಕ್ಕೆ ತೆರೆದ ಬಾಗಿಲು. ವಿನಾಯಿತಿಯ ಕಾಲಕ್ಕೆ ಹೊಸ ಕಾರ್ಖಾನೆಯಲ್ಲಿ ಕೆಲಸಗಾರರೇ ಇನ್ನೂ ನೇಮಕವಾಗಿಲ್ಲದಿರಬಹುದಾದುದರಿಂದ, ಅರ್ಜಿಯ ಪ್ರತಿಯನ್ನು ತೋರಿಸೋಣವೆಂದರೂ ಎದುರಿಗೆ ಯಾರೂ ಇರದ ಪ್ರಸಂಗಗಳು ಬರಬಹುದು. ಈ ವಿಧಿಯನ್ವಯ ರಾಜ್ಯಗಳು ಹೊರಡಿಸುವ ಅಧಿಸೂಚನೆಗಳನ್ನು ರಾಜ್ಯಪತ್ರಗಳಿಂದ ಸಂಗ್ರಹಿಸಿ, ಅವುಗಳಲ್ಲಿ ಕೊಟ್ಟ ಕಾರಣಗಳನ್ನು ಮ್ಯಾಂಚೆಸ್ಟರಿನ ಸಂಘದ ಕಾರಣಗಳೊಡನೆ ಹೋಲಿಸಿ ನೋಡುವುದು ನಮ್ಮ ವಿಭಾಗದ ಎಂ.ಎ. ವಿದ್ಯಾರ್ಥಿಗಳಿಗೆ ತಕ್ಕ ಪ್ರಬಂಧವಿಷಯ. ಅದನ್ನು ಕೈಗೊಳ್ಳುವವರಿಗೆ, ಮಾರ್ಟಿನೋ ಅವರ ಪುಸ್ತಿಕೆಯಿಂದ ಪ್ರಾರಂಭಿಸಿರೆಂದು ನಾವು ಸೂಚಿಸುತ್ತೇವೆ.